ಕೌದಿಯ ಮೂಲೆಯ ಹೋಳಿಗೆ

ಅವ್ವ ತೀರಿಕೊಂಡಾಗ, ತನ್ನ ಹಳೆಯ ಸೀರೆಗಳಿಂದ ಅವಳು ಹೊಲಿಯುತ್ತಿದ್ದ ಕೌದಿಯಲ್ಲಿ ಒಂದು ಮೂಲೆ ಮಾತ್ರ ಬಾಕಿ ಉಳಿದಿತ್ತು. ನಮ್ಮ ತಿಳವಳ್ಳಿ ಕಡೆ ಆ ಕೊನೆಯ ಮೂಲೆಯಲ್ಲಿ ಚಿಟಿಕೆಯಷ್ಟು ಹೋಳಿಗೆಯ ಚೂರು ಇಟ್ಟು ಹೊಲಿಗೆ ಮುಚ್ಚುತ್ತಾರೆ. ಕೌದಿ ಹಸಿದಿರಬಾರದಂತೆ. ನಮ್ಮದು ಹಸಿದೇ ಉಳಿಯಿತು. ಅವ್ವನದೆಂದು ನನ್ನ ಪಾಲಿಗೆ ಇದ್ದದ್ದು ಅದೊಂದೇ.

ಅಪ್ಪ ಓಣಿಯವರೆಲ್ಲರ ಜೊತೆ ಜಗಳ ಮಾಡಿಕೊಂಡಿದ್ದರಿಂದ ನಮ್ಮ ಹೊಸ್ತಿಲು ತುಳಿಯುವವರೇ ಇರಲಿಲ್ಲ. ನನ್ನ ಜೊತೆ ಆಡಲು ಯಾವ ಹುಡುಗಿಯನ್ನೂ ಕಳಿಸುತ್ತಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಬಾರುಕೋಲು, ಕಡಿಮೆಯಾದರೂ ಬಾರುಕೋಲು. ಏಟು ಬಿದ್ದಾಗ ನಾನು ಕೌದಿಯ ಅಂಚನ್ನು ಬಾಯಿಗೆ ತುರುಕಿಕೊಂಡು ಅಳುತ್ತಿದ್ದೆ. ಓಣಿಗೆ ಕೇಳಿದರೆ ಮರ್ಯಾದೆ ಹೋಗುತ್ತದೆ ಎಂದು ಅಪ್ಪ ಹೇಳಿದ್ದನ್ನು ನಂಬಿದ್ದೆ. ಯಾರ ಮರ್ಯಾದೆ ಎಂದು ಕೇಳುವ ಬುದ್ಧಿ ಆಗ ಇರಲಿಲ್ಲ.

ಒಂಬತ್ತನೇ ಇಯತ್ತೆಯಲ್ಲಿದ್ದಾಗ, ಹೋಳಿ ಹುಣ್ಣಿಮೆಗೆ ನಾನೇ ಹೋಳಿಗೆ ಮಾಡಿ, ಆ ಮೂಲೆಯನ್ನೂ ನಾನೇ ಹೊಲಿದು ಮುಗಿಸಿದೆ. ಚಿಟಿಕೆ ಸಾಲದೆನಿಸಿತು. ಅವ್ವ ಹೊಟ್ಟೆತುಂಬ ಉಂಡದ್ದನ್ನು ನಾನು ಕಂಡವಳಲ್ಲ. ಅರ್ಧ ಹೋಳಿಗೆಯನ್ನೇ ಮಡಚಿ ಒಳಗಿಟ್ಟೆ. ದಡ್ಡಿ! ಮೂರನೇ ದಿನಕ್ಕೆ ಕೆಂಪಿರುವೆಗಳು ಸಾಲುಗಟ್ಟಿ ಅಪ್ಪನ ಹಾಸಿಗೆಯವರೆಗೂ ಬಂದವು.

"ಸತ್ತಾಕಿ ಅರಿವಿ ಇನ್ನೂ ಎಷ್ಟ ದಿನಾ ಇಟ್ಕೋತಿ? ಸುಟ್ಟ ಹಾಕ್ತೇನಿ ನೋಡ" ಎನ್ನುತ್ತ ಅಪ್ಪ ಕೌದಿಯನ್ನು ಅಂಗಳಕ್ಕೆ ಎಳೆದ. ನಾನು ಓಡಿಹೋಗಿ ಇನ್ನೊಂದು ತುದಿ ಹಿಡಿದೆ. ಬಾರುಕೋಲು ಬೆನ್ನಿಗೆ ಬಿತ್ತು. ಅಂಚು ಕೈಯಲ್ಲೇ ಇತ್ತು, ಬಾಯಿಗೆ ಇಟ್ಟುಕೊಳ್ಳಲಿಲ್ಲ. ಬೇಕೆಂದೇ ಇಟ್ಟುಕೊಳ್ಳಲಿಲ್ಲ. ಎದೆಯಲ್ಲಿದ್ದಷ್ಟೂ ಉಸಿರು ಹಾಕಿ ಕೂಗಿದೆ.

ಓಣಿಗೆ ಓಣಿಯೇ ಬಂದು ನಿಂತಿತು. ಎದುರು ಮನೆಯ ಆಯಿ ಅಪ್ಪನ ಕೈಯಿಂದ ಬಾರುಕೋಲು ಕಿತ್ತುಕೊಂಡು ನನ್ನ ಕಡೆ ತಿರುಗಿದಳು.

"ಇಷ್ಟ ದಿನಾ ಯಾಕ ಸುಮ್ಮನಿದ್ದಿ, ತಂಗೀ?"

"ಇನ್ನ ಸುಮ್ಮನಿರೂದಿಲ್ಲ, ಆಯೀ."

ಅಂದೇ ಮಧ್ಯಾಹ್ನದ ಬಸ್ಸಿಗೆ ಆಯಿ ನನ್ನನ್ನೂ ಕೌದಿಯನ್ನೂ ತಡಸಕ್ಕೆ, ಅವ್ವನ ತಂಗಿಯ ಮನೆಗೆ ಮುಟ್ಟಿಸಿದಳು. ಅಲ್ಲಿಂದಲೇ ಶಾಲೆ ಮುಗಿಸಬೇಕೆಂದು ನಾನು ನಿರ್ಧರಿಸಿಯಾಗಿತ್ತು. ಅಪ್ಪ ಮೂರು ಸಲ ಕರೆಯಲು ಬಂದ. ಮೂರು ಸಲವೂ ಚಿಗವ್ವನನ್ನು ಒಳಗೆ ಕೂರಿಸಿ ನಾನೇ ಬಾಗಿಲಿಗೆ ಹೋದೆ. ಹೊಸ್ತಿಲಲ್ಲಿ ನಿಂತು ಗಟ್ಟಿಯಾಗಿ ಹೇಳಿದೆ.

"ನಾ ಬರೂದಿಲ್ಲ. ನೀ ಹೊಡೀತಿ, ಅದಕ್ಕ ಬರೂದಿಲ್ಲ."

ಮೂರನೇ ಸಲ ಅಪ್ಪ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಮೆತ್ತಗ ಮಾತಾಡ, ಮಂದಿ ಕೇಳ್ತಾರ."

"ಕೇಳ್ಲಿ ಅಂತನ ಒದರಾಕತ್ತೇನಿ" ಎಂದೆ.