ಒಂದು ಬಂತು, ಇನ್ನೊಂದು ಬರಲಿಲ್ಲ

ತೆಂಗಿನಗುಂಡಿಯ ಬೋಟ್ ಮೆಕ್ಯಾನಿಕ್ ಮಾಬ್ಲೇಶ್ವರನನ್ನು ಈ ಚಳಿಗಾಲ ಕೂತಲ್ಲಿ ಕೂರಲು ಬಿಡಲಿಲ್ಲ. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ, ಯಾವ ಬೇರಿಂಗ್ ಸವೆದಿದೆ ಎಂದು ಹೇಳುವ ಆಸಾಮಿ ಅವನು. ಆ ಕಿವಿಯ ಬಗ್ಗೆ ಸ್ವಲ್ಪ ಜಂಬವೂ ಇತ್ತು. ಇರಲಿ, ಅನ್ನ ಕೊಟ್ಟ ಕಿವಿ.

ಮಳೆ ಕಳೆದ ಮೇಲೆ ಅವನ ಶೆಡ್ಡಿನ ಬಳಿಗೆ ಉತ್ತರದಿಂದ ಎರಡು ಬಗೆಯ ಉಲಿಯಕ್ಕಿಗಳು ಬರುತ್ತವೆ. ಎರಡೂ ಹುಳ ತಿಂದು ಬದುಕುವ ಪುಟಾಣಿ ಹಕ್ಕಿಗಳು. ಊರವರಿಗೆ ಎರಡೂ ಗುಬ್ಬಿಯೇ. ಮಾಬ್ಲೇಶ್ವರನಿಗೆ ಹಾಗಲ್ಲ. ಮಣ್ಣುಬಣ್ಣದ್ದು ಲಂಟಾನ ಪೊದೆ ಬಿಟ್ಟು ಮೇಲೇರದು, 'ಟಕ್, ಟಕ್' ಎಂದು ಗದರುತ್ತದೆ. ಹಸಿರು ಛಾಯೆಯದು ಗೋಣಿಮರ ಬಿಟ್ಟು ಇಳಿಯದು. ಎಲೆಗಳ ನಡುವೆ ಕಣ್ಣಿಗೆ ಬೀಳುವುದೇ ಅಪರೂಪ. 'ಚಿವೀ' ಎಂಬ ಚೂಪಾದ ಸಣ್ಣ ದನಿಯಿಂದಲೇ ಅದರ ಗುರುತು.

ಈ ಸಲ ಪೊದೆಯದು ಬಂತು, ಮರದ್ದು ಬರಲಿಲ್ಲ. ಬಿಡಿಭಾಗ ತರಲು ಹೊನ್ನಾವರಕ್ಕೆ ಹೋದವನು ಸಿಕ್ಕ ಸಿಕ್ಕ ಮರದಡಿ ಕತ್ತೆತ್ತಿ ನಿಂತ. ಹೆಂಡತಿಯ ತವರು ಕಾಗಾಲದಲ್ಲಿ ಊಟದ ನಡುವೆ ಎದ್ದು ಅಂಗಳಕ್ಕೆ ಹೋದ. ಅಡುಗೆ ಸೇರಲಿಲ್ಲವೇನೋ ಎಂದು ಮಾವನ ಮನೆಯವರು ಮುಖ ಮುಖ ನೋಡಿಕೊಂಡರು. ಎಲ್ಲೂ 'ಚಿವೀ' ಇಲ್ಲ. ಮರಕ್ಕೆ ಔಷಧ ಹೊಡೆದು ಎಲೆಹುಳ ಸತ್ತಿದೆ, ಪೊದೆಯ ಹುಳ ಉಳಿದಿದೆ, ಅದಕ್ಕೇ ಒಂದು ಬಂತು ಇನ್ನೊಂದಿಲ್ಲ ಎಂದು ತಾನೇ ತೀರ್ಮಾನಿಸಿ ಗಿರಾಕಿಗಳ ತಲೆ ತಿಂದ. ಹೆಂಡತಿಗೆ ಮಾತ್ರ ಹೇಳಲಿಲ್ಲ, ನಗುತ್ತಾಳೆಂದು. ಒಳಗೊಳಗೇ ಸಂಕಟಪಟ್ಟ.

ಒಂದು ಬೆಳಿಗ್ಗೆ ಕಲ್ಪನಾ ತಿಂಡಿ ತಂದಾಗ ಗಂಡ ಗೋಣಿಮರದಡಿ ಶತಪಥ ಹಾಕುತ್ತಿದ್ದ. ಎಂತ ಹುಡುಕುತ್ತಿದ್ದೀರಿ ಎಂದು ಕೇಳಿದಳು.

"ಚಿವೀ ಅನ್ನೋ ಹಕ್ಕಿ. ಈ ವರ್ಷ ಬರಲೇ ಇಲ್ಲ."

ಅವಳು ತಮಾಷೆ ಎಂದುಕೊಂಡಳು. "ಎಂತ ಹೇಳ್ತ್ರಿ? ನಿಮ್ಮ ತಲೆ ಮೇಲೇ ಕೂಗ್ತಾ ಇದೆಯಲ್ಲ. ದಿನಾ ಕೂಗ್ತದೆ."

ಅವಳು ಬೆರಳು ತೋರಿದ ಕೊಂಬೆಯಲ್ಲಿ ಹಕ್ಕಿ ಇತ್ತು. ಕೊಕ್ಕು ತೆರೆಯಿತು, ಗಂಟಲು ಅದುರಿತು. ಮಾಬ್ಲೇಶ್ವರನಿಗೆ ಕೇಳಿದ್ದು ಹಿಂದಿನ ಪೊದೆಯ 'ಟಕ್, ಟಕ್' ಮಾತ್ರ.

ಅವನಿಗೆ ಹೆದರಿಕೆಯಾಯಿತು. ಶೆಡ್ಡಿನೊಳಗೆ ಒಂದು ಎಂಜಿನ್ ಕಾಯುತ್ತಿತ್ತು. ಹೋಗಿ ಸ್ಕ್ರೂಡ್ರೈವರ್ ಎತ್ತಿಕೊಂಡ, ಮತ್ತೆ ಕೆಳಗಿಟ್ಟ, ಮತ್ತೆ ಮರದಡಿಗೆ ಬಂದ.

"ಹೇಗೆ ಕೂಗ್ತು, ನೀನೇ ಹೇಳು."

ಕಲ್ಪನಾ ನಾಚಿ ಅತ್ತಿತ್ತ ನೋಡಿ, "ಚಿವೀ" ಅಂದಳು.

ಅವಳ 'ಚಿವೀ' ಅವನಿಗೆ ಕೇಳಿತು.

"ಇನ್ನೊಂದ್ಸಲ ಹೇಳು" ಅಂದ.