ಮೈಕಿನ ಮುಂದೆ ಹನ್ನೆರಡು ನಿಮಿಷ

ಮಗ್ಗದ ಶೆಡ್ಡಿನ ಮಾಲೀಕ ಕಂಡಿಕೆಯಕ್ಕನಿಗೆ ಇನ್ನೂ ಹತ್ತೊಂಬತ್ತು ದಿನದ ಕೂಲಿ ಕೊಡಬೇಕು. ಗಂಡ ಮಗ್ಗಗಳ ನಡುವೆ ಬಿದ್ದು ಒದ್ದಾಡುತ್ತಿದ್ದಾಗ ಆಕೆ ಹೇಳದೆ ಕೇಳದೆ ಕೆಲಸ ಬಿಟ್ಟು ಆಸ್ಪತ್ರೆಗೆ ಓಡಿದಳಂತೆ, ಅದು ಶಿಸ್ತಿಗೆ ವಿರುದ್ಧವಂತೆ. ಆ ಕೂಲಿಯನ್ನು ಹೇಗೆ ವಸೂಲಿ ಮಾಡಬೇಕೆಂದು ನಮ್ಮ ಮಗ್ಗದ ಕೆಲಸಗಾರರ ಸಂಘಕ್ಕೆ ಗೊತ್ತಿದೆ, ಮಾಡುತ್ತೇವೆ. ಇಲ್ಲಿ ಬರೆಯುತ್ತಿರುವುದು ಬೇರೆ ವಿಷಯ. ಮೂವತ್ತು ವರ್ಷ ಗೇಟುಗಳ ಮುಂದೆ ಕೂತು ಎದ್ದವನಿಗೆ ಬೆರಗು ಅನ್ನುವುದು ಸುಲಭಕ್ಕೆ ಹುಟ್ಟುವುದಿಲ್ಲ. ಲಾಠಿಗೆ ಬೆನ್ನು ಕೊಟ್ಟವರನ್ನು ಕಂಡಿದ್ದೇನೆ, ಬೆನ್ನು ತೋರಿಸಿ ಓಡಿದವರನ್ನೂ ಕಂಡಿದ್ದೇನೆ. ಆದರೆ ಈ ಹೆಂಗಸು ಮಾಡಿದಂಥದ್ದನ್ನು ಕಂಡಿರಲಿಲ್ಲ.

ಕಂಡಿಕೆ ಎಂದರೆ ಲಾಳಿಯ ಹೊಟ್ಟೆಯಲ್ಲಿ ಕೂರುವ ನೂಲಿನ ಪುಟ್ಟ ಉರುಳೆ. ಇಪ್ಪತ್ತೆರಡು ವರ್ಷ ಅದನ್ನೇ ಸುತ್ತಿದವಳಾದ್ದರಿಂದ ಆಕೆಗೆ ಆ ಹೆಸರು. ಗಂಡ ಅದೇ ಶೆಡ್ಡಿನಲ್ಲಿ ಆರು ಮಗ್ಗ ನೋಡಿಕೊಳ್ಳುವ ನೇಕಾರ. ಕಿವಿಗೆ ಬಾಯಿಟ್ಟು ಕೂಗಿದರೂ ಅರ್ಧ ಮಾತು ಮಾತ್ರ ಕೇಳುವ ಆ ಸದ್ದಿನಲ್ಲಿ ಅವನೊಬ್ಬ ಇಡೀ ದಿನ ಮಾತಾಡುತ್ತಲೇ ಇರುತ್ತಿದ್ದ. ಯಾರಿಗೂ ಕೇಳಿಸದಿದ್ದರೂ ಅವನಿಗೇನೂ ಬೇಸರವಿರಲಿಲ್ಲ. ಹರಟೆಮಲ್ಲ ಎಂದು ಹೆಸರಿಟ್ಟೆವು. ಬರಬರುತ್ತ ಬರೀ ಮಲ್ಲ ಉಳಿಯಿತು.

ಹೊರಗಿನವರಿಗೆ ಶೆಡ್ಡಿನ ಸದ್ದು ಬರೀ ಗಲಾಟೆ. ನೇಕಾರ ಅದನ್ನು ಓದುತ್ತಾನೆ. ಆರು ಮಗ್ಗವನ್ನು ಎರಡು ಕಣ್ಣಿನಲ್ಲಿ ಕಾಯಲಾಗುವುದಿಲ್ಲ, ಕಿವಿಯಲ್ಲಿ ಕಾಯಬೇಕು. ಬಡಿತ ಸರಿಯಾಗಿರುವಷ್ಟು ಹೊತ್ತು ಅವನು ಕಂಬದ ಹಾಗೆ ನಿಂತಿರುತ್ತಾನೆ. ಒಂದು ಏಟು ತಪ್ಪಿತೋ, ತಲೆ ಆ ಕಡೆ ತಿರುಗುವ ಮೊದಲೇ ಎಡಗೈ ಹೋಗಿ ಹಿಡಿ ಎಳೆದು ಮಗ್ಗ ನಿಲ್ಲಿಸಿರುತ್ತದೆ. ತಡವಾದರೆ ಬಟ್ಟೆ ಹಾಳು. ಇದನ್ನು ಯಾರೂ ಹೇಳಿಕೊಡುವುದಿಲ್ಲ, ವರ್ಷಗಟ್ಟಲೆ ನಿಂತು ನಿಂತು ಮೈಗೆ ಹತ್ತುತ್ತದೆ.

ಒಂದು ದಿನ ಮಲ್ಲ ಹೆಂಡತಿಯ ಮುಂದೆ ಕೈಚಾಚಿ, “ಏ, ಒಂದು ಚಪ್ಪಲಿ ಕೊಡೇ” ಅಂದ. ಅವನಿಗೆ ಬೇಕಿದ್ದದ್ದು ಕಂಡಿಕೆ.

“ಕಾಲಲ್ಲೇ ಇದೆಯಲ್ರೀ ಚಪ್ಪಲಿ! ಕಣ್ಣು ಎಲ್ಲಿಟ್ಟು ಬಂದಿದೀರಿ?”

ಎಲ್ಲರೂ ನಕ್ಕರು. ಮಾರನೆಯ ದಿನ ಲಾಳಿಗೆ ಬೀಗ ಅಂದ, ನೂಲಿಗೆ ನೀರು ಅಂದ. ಮಲ್ಲನಿಗೆ ಈಗಲೇ ಅರಳುಮರಳು ಶುರುವಾಯ್ತು ಎಂದು ಶೆಡ್ಡೆಲ್ಲ ಎರಡು ವಾರ ನಕ್ಕಿತು. ನಾನೂ ನಕ್ಕೆ. ಮೂರನೆಯ ವಾರ ಅವನು ಮಗ್ಗಗಳ ನಡುವಿನ ಓಣಿಯಲ್ಲಿ ಬಿದ್ದು ಕೈಕಾಲು ಬಡಿದ. ಆಮೇಲೆ ಯಾರೂ ನಗಲಿಲ್ಲ.

ತಲೆಯ ಎಡಭಾಗದಲ್ಲಿ ಗಡ್ಡೆ. ಐದು ಗಂಟೆಯ ಆಪರೇಷನ್ ಆದ ಮೇಲೆ ಡಾಕ್ಟರು ಹೇಳಿದ್ದಿಷ್ಟು: ಮುಕ್ಕಾಲು ಪಾಲು ತೆಗೆದಿದ್ದೇವೆ, ಉಳಿದದ್ದು ಮಾತಿನ ಜಾಗಕ್ಕೆ ಅಂಟಿಕೊಂಡಿದೆ, ಕತ್ತರಿ ಹಾಕುವಂತಿಲ್ಲ. ಅದನ್ನು ಸುಡಲು ಮೂವತ್ತು ಸಲ ರೇಡಿಯೇಶನ್ ಕೊಡಬೇಕು, ಕೊಡದಿದ್ದರೆ ಅದು ಮತ್ತೆ ಬೆಳೆಯುತ್ತದೆ.

ಮಲ್ಲ ಎಚ್ಚರಗೊಂಡಾಗ ಮಾತು ಹೋಗಿತ್ತು. ಬಾಯಿಂದ ಹೊರಡುತ್ತಿದ್ದದ್ದು “ಅದು, ಅದು” ಅಷ್ಟೇ. ಕಿವಿ ಚೆನ್ನಾಗಿತ್ತು, ಆದರೆ ಕೇಳಿದ ಮಾತು ಒಳಗೆ ಹೋಗಿ ಅರ್ಥವಾಗುತ್ತಿರಲಿಲ್ಲ. ಬಲಗೈ ಸೋತಿತ್ತು. ಕೂರಿ ಅಂದರೆ ಏಳುತ್ತಿದ್ದ, ಬಾಯಿ ತೆಗೀರಿ ಅಂದರೆ ಆಕೆಯ ಮುಖವನ್ನೇ ನೋಡುತ್ತಿದ್ದ.

ಒಂದೇ ಕೋಣೆಯ ಮನೆ, ಅಡಿಗೆಯ ಮೂಲೆಗೆ ಒಂದು ಪರದೆ. ಕಂಡಿಕೆಯಕ್ಕ ಅವನ ಮಂಚವನ್ನು ಎಡಗಡೆ ಗೋಡೆಗೆ ಸರಿಸಿದಳು, ಗಟ್ಟಿಯಿದ್ದ ಎಡಗೈಗೆ ಗೋಡೆಯ ಆಸರೆ ಸಿಗಲಿ ಎಂದು. ಫಿಟ್ಸಿನ ಮಾತ್ರೆ ಬೆಳಿಗ್ಗೆ ಎಂಟಕ್ಕೆ, ಸಂಜೆ ಎಂಟಕ್ಕೆ. ಊತ ಇಳಿಸುವ ಮಾತ್ರೆ ತಿಂದು ಅವನ ಮುಖ ಚೆಂಡಾಯಿತು, ಹೊಟ್ಟೆ ಹಗೇವಾಯಿತು. ಎಷ್ಟು ತಿಂದರೂ ಸಾಲದು, ಜೊತೆಗೆ ಮೂಗಿನ ಮೇಲೆ ಸಿಟ್ಟು. ಒಂದು ದಿನ ತಟ್ಟೆ ಬೀಸಿ ಆಕೆಯ ಹುಬ್ಬು ಒಡೆದ. ಆಕೆ ಹುಬ್ಬಿಗೆ ಬಟ್ಟೆ ಒತ್ತಿಕೊಂಡೇ ಇನ್ನೊಂದು ತಟ್ಟೆ ತಂದಿಟ್ಟಳು. ಈ ಸಲ ಪ್ಲಾಸ್ಟಿಕ್ಕಿನದು.

ಇಷ್ಟೆಲ್ಲ ಲಕ್ಷಾಂತರ ಮನೆಗಳಲ್ಲಿ ಹೆಂಗಸರು ಮಾಡುತ್ತಾರೆ, ಯಾರೂ ಬರೆಯುವುದಿಲ್ಲ. ನಾನೂ ಬರೆಯುತ್ತಿರಲಿಲ್ಲವೇನೋ.

ರೇಡಿಯೇಶನ್ನಿಗೆ ಮುಖವಾಡ ಹಾಕುತ್ತಾರೆ. ಬಿಸಿ ಮಾಡಿದ ಪ್ಲಾಸ್ಟಿಕ್ ಜಾಲರಿಯನ್ನು ಮುಖದ ಮೇಲೆ ಒತ್ತಿ ಅಚ್ಚು ತೆಗೆದು, ಮಲಗಿಸಿದಾಗ ಅದನ್ನು ಮೇಜಿಗೆ ಕ್ಲಿಪ್ಪು ಹಾಕಿ ಬಿಗಿಯುತ್ತಾರೆ. ತಲೆ ಕೂದಲೆಳೆಯಷ್ಟೂ ಅಲ್ಲಾಡಬಾರದು. ದಪ್ಪ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬಂದುಬಿಡಬೇಕು. ಹನ್ನೆರಡು ನಿಮಿಷ ಅವನೊಬ್ಬನೇ. ಹೊರಗಿನ ಕೋಣೆಯಲ್ಲಿ ಟೆಕ್ನಿಷಿಯನ್ ಟಿವಿಯಲ್ಲಿ ನೋಡುತ್ತಿರುತ್ತಾನೆ. ಒಳಗಿರುವವರಿಗೆ ಏನಾದರೂ ಹೇಳಬೇಕಾದರೆ ಅವನ ಮುಂದೆ ಒಂದು ಮೈಕು.

ಮಾತು ಅರ್ಥವಾಗುವವರಿಗೇ ಅದು ಕಷ್ಟ. ಮಲ್ಲನಿಗೆ ಇದು ಚಿಕಿತ್ಸೆ ಎಂದು ತಿಳಿಸುವವರು ಯಾರು? ಮೊದಲ ದಿನ ಒಂದು ನಿಮಿಷಕ್ಕೇ ಕಾಲು ಝಾಡಿಸಿ ಕ್ಲಿಪ್ಪು ಕಿತ್ತ. ಎರಡನೆಯ ದಿನ ಬಟ್ಟೆಯಲ್ಲೇ ಉಚ್ಚೆ ಹೊಯ್ದುಕೊಂಡ. ಮೈಕಿನಲ್ಲಿ “ಸುಮ್ಮನೆ ಮಲಗಿ, ಭಯಪಡಬೇಡಿ” ಅಂದಷ್ಟೂ ಹೆಚ್ಚು ಒದ್ದಾಡಿದ. ಹಾಡು ಹಾಕಿದರು, ಅದಕ್ಕೂ ಒದ್ದಾಡಿದ.

ರೇಡಿಯೇಶನ್ ಡಾಕ್ಟರಮ್ಮ ಕಂಡಿಕೆಯಕ್ಕನನ್ನು ಕರೆದು ಕೂರಿಸಿದಳು. “ದಿನಾ ಮತ್ತಿನ ಮದ್ದು ಕೊಟ್ಟು ಮಲಗಿಸಬಹುದು. ಆದ್ರೆ ಇವರ ಶ್ವಾಸಕೋಶದ ತುಂಬ ಹತ್ತಿಯ ಧೂಳಮ್ಮ, ಮೂವತ್ತು ಸಲ ತಡೆಯಲ್ಲ. ಈ ವಾರ ನೋಡೋಣ. ಆಗದೇ ಇದ್ರೆ ನಿಲ್ಲಿಸಬೇಕಾಗುತ್ತೆ.”

“ನಿಲ್ಲಿಸಿದ್ರೆ?”

ಡಾಕ್ಟರಮ್ಮ ಸುಳ್ಳು ಹೇಳಲಿಲ್ಲ. “ಆರು ತಿಂಗಳು. ಹೆಚ್ಚೂ ಕಮ್ಮಿ.”

ಹೊರಗೆ ಬೆಂಚಿನ ಮೇಲೆ ನಾದಿನಿ, ಅಂದರೆ ಮಲ್ಲನ ತಂಗಿ, ಕೂತಿದ್ದಳು. ಕೆಟ್ಟವಳಲ್ಲ, ಅಣ್ಣನ ಪಾಡು ನೋಡಲಾಗದೆ ಹೇಳಿದಳು: “ಅತ್ತಿಗೆ, ಸಾಕು ಮಾಡಿಬಿಡೋಣ. ಅಣ್ಣ ಮನೇಲಿ ನೆಮ್ಮದಿಯಾಗಿ, ಸುಮ್ನೆ ಇರ್ಲಿ.”

“ನಿಮ್ಮಣ್ಣ ಸುಮ್ನಿದ್ದದ್ದು ಯಾವಾಗಮ್ಮಾ? ಹುಟ್ಟಿದಾಗ್ಲಿಂದ ಊರಿಗೆಲ್ಲ ಕೇಳೋ ಹಾಗೆ ಬಾಯಿ ಮಾಡಿದ ಮನುಷ್ಯ. ಈಗ ಸುಮ್ನಿರೋದು ಕಲಿಸ್ಲಾ?”

ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು, ಫ್ರಿಜ್ಜು, ಗೋಡೆಯಾಚೆಯ ಯಂತ್ರ ಎಲ್ಲ ಒಮ್ಮೆಲೇ ನಿಂತು, ಜನರೇಟರು ಎದ್ದೇಳುವವರೆಗೆ ನಾಲ್ಕು ಸೆಕೆಂಡು ಮೌನ. ಕಂಡಿಕೆಯಕ್ಕ ಗಕ್ಕನೆ ಎದ್ದು ನಿಂತಿದ್ದಳು, ನಾದಿನಿಯ ಮುಂಗೈಯನ್ನು ಉಗುರು ಊರುವಂತೆ ಹಿಡಿದು.

“ಅಯ್ಯೋ ಅತ್ತಿಗೆ, ಕೈ! ಏನಾಯ್ತು ನಿಮಗೆ?”

ಏನಾಯಿತೆಂದು ಆಕೆಗೆ ಆಗ ಹೊಳೆಯಿತು. ಶೆಡ್ಡಿನಲ್ಲಿ ಎಲ್ಲ ಮಗ್ಗ ಒಟ್ಟಿಗೆ ನಿಂತವೆಂದರೆ ಯಾರದೋ ಕೈ ಯಂತ್ರಕ್ಕೆ ಸಿಕ್ಕಿ ಮೇನ್ ಸ್ವಿಚ್ಚು ಎಳೆದಿದ್ದಾರೆ ಅಂತಲೇ ಮೊದಲು ಅನ್ನಿಸುವುದು. ನಮ್ಮವರು ಸದ್ದಿಗೆ ಹೆದರುವುದಿಲ್ಲ, ಮೌನಕ್ಕೆ ಹೆದರುತ್ತಾರೆ. ಅಂಥವನನ್ನು ಮುಖ ಬಿಗಿದು ಹೆಣದ ಮನೆಯಂಥ ಮೌನದಲ್ಲಿ ಮಲಗಿಸಿದರೆ ಒದೆಯದೆ ಇನ್ನೇನು ಮಾಡುತ್ತಾನೆ?

ಸೀದಾ ಟೆಕ್ನಿಷಿಯನ್ ಹತ್ತಿರ ಹೋದಳು. ಐವತ್ತರ ಆಸುಪಾಸಿನ ಕನ್ನಡಕದವನು, ಕೆಲಸದಲ್ಲಿ ಕಟ್ಟುನಿಟ್ಟು.

“ಸಾರ್, ನಾಳೆ ಆ ಮೈಕು ನನಗೆ ಕೊಡಿ.”

“ಅಮ್ಮಾ, ಇದೇನು ಬಸ್ಸಾ, ಹತ್ತಿದೋರೆಲ್ಲ ಡ್ರೈವರ್ ಸೀಟಲ್ಲಿ ಕೂರೋಕೆ?”

“ಸೀಟು ನೀವೇ ಇಟ್ಕೊಳ್ಳಿ. ಮೈಕು ಕೊಡಿ ಸಾಕು.”

“ಹಾಗೆಲ್ಲ ರೂಲ್ಸಿಲ್ಲ.”

“ಕೊಡಬಾರದು ಅಂತ ರೂಲ್ಸಿದೆಯಾ?”

ಅವನು ಕನ್ನಡಕ ತೆಗೆದು ಒರೆಸಿಕೊಂಡ. ಇದೆಯೋ ಇಲ್ಲವೋ ಅವನಿಗೂ ಗೊತ್ತಿರಲಿಲ್ಲ. ಮಾರನೆಯ ಬೆಳಿಗ್ಗೆ ಕಂಡಿಕೆಯಕ್ಕ ಆ ಕೋಣೆಯ ಬಾಗಿಲಿಗೆ ಅಡ್ಡ ನೆಲದ ಮೇಲೆ ಕೂತುಬಿಟ್ಟಳು. ಕೂಗಲಿಲ್ಲ, ಅಳಲಿಲ್ಲ. ಒಳಗೆ ಹೋಗುವವರು ಆಕೆಯನ್ನು ದಾಟಬೇಕಿತ್ತು, ಯಾರೂ ದಾಟಲಿಲ್ಲ. ಕೊನೆಗೆ ಡಾಕ್ಟರಮ್ಮನೇ ಬಂದಳು.

“ಮೈಕಲ್ಲಿ ಏನಮ್ಮಾ ಹೇಳ್ತೀರಾ? ಅವರಿಗೆ ಮಾತು ಅರ್ಥ ಆಗಲ್ವಲ್ಲ.”

“ಮಾತಾಡಲ್ಲ ಡಾಕ್ಟ್ರೇ. ಮಗ್ಗ ಆಗ್ತೀನಿ.”

ಒಂದು ದಿನದ ಮಟ್ಟಿಗೆ ಒಪ್ಪಿದರು. ಬಾಗಿಲು ಮುಚ್ಚಿತು. ಟಿವಿಯಲ್ಲಿ ಮಲ್ಲ ಕಾಲು ಝಾಡಿಸುತ್ತಿದ್ದ. ಆಕೆ ಮೈಕು ಹತ್ತಿರಕ್ಕೆ ಎಳೆದುಕೊಂಡು ಅಂಗೈಯಿಂದ ಮೇಜಿನ ಅಂಚಿಗೆ ಒಂದು ಏಟು ಹಾಕಿದಳು, ನಾಲಿಗೆಯಿಂದ ಅದಕ್ಕೆ ಉತ್ತರ ಕೊಟ್ಟಳು. ಖಟ್ ತಕ್, ಖಟ್ ತಕ್. ನಿಮಿಷಕ್ಕೆ ನೂರಿಪ್ಪತ್ತು ಏಟು, ನಮ್ಮ ಶೆಡ್ಡಿನ ಮಗ್ಗದ ಲೆಕ್ಕ. ನಾದಿನಿಯ ಜೊತೆ ನಾನೂ ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದೆ. ಅರ್ಧ ನಿಮಿಷಕ್ಕೆ ಮಲ್ಲನ ಕಾಲು ನಿಂತಿತು. ಭುಜ ಇಳಿಯಿತು. ಮುಷ್ಟಿ ಬಿಚ್ಚಿತು, ಒಂದೊಂದೇ ಬೆರಳಾಗಿ. ಅವನು ಮಗ್ಗದ ಮುಂದೆ ನಿಲ್ಲುವ ಹಾಗೆಯೇ ಮಲಗಿದ್ದ.

ಹನ್ನೆರಡು ನಿಮಿಷ. ಸುಲಭ ಅನ್ನಿಸಿದರೆ ಒಂದು ನಿಮಿಷ ಮಾಡಿ ನೋಡಿ. ನಾನು ಮನೆಯಲ್ಲಿ ಮಾಡಿ ನೋಡಿದೆ, ಐವತ್ತು ಸೆಕೆಂಡಿಗೆ ನಾಲಿಗೆ ತೊಡರಿತು.

ನಾಲ್ಕನೆಯ ದಿನಕ್ಕೆ ಆಕೆಯ ಅಂಗೈ ಊದಿತು, ನಾಲಿಗೆ ಹುಣ್ಣಾಯಿತು. ಟೆಕ್ನಿಷಿಯನ್ನೇ ಮರುಗಿ ಹೇಳಿದ: “ಅಮ್ಮಾ, ಯಾಕೆ ಈ ಸಂಕಟ? ಮೂರು ನಿಮಿಷ ರೆಕಾರ್ಡ್ ಮಾಡ್ಕೋತೀನಿ. ಅದನ್ನೇ ನಾಲ್ಕು ಸಲ ಜೋಡಿಸಿ ಹಾಕಿದ್ರಾಯ್ತು.” ಆಕೆಗೂ ಸರಿ ಅನ್ನಿಸಿತು.

ಮಾರನೆಯ ದಿನ ರೆಕಾರ್ಡು ಹಾಕಿದರು. ಮಲ್ಲ ತೆಪ್ಪಗೆ ಮಲಗಿದ್ದ. ಮೂರು ನಿಮಿಷ ಮುಗಿಯುತ್ತಿದ್ದಂತೆ ಅವನ ಎಡಗೈ ಸಟ್ಟನೆ ಮೇಲೆದ್ದು, ಗಾಳಿಯಲ್ಲಿ ಏನನ್ನೋ ಹಿಡಿದು, ತನ್ನ ಕಡೆಗೆ ಎಳೆಯಿತು. ಟೆಕ್ನಿಷಿಯನ್ ಗಾಬರಿಯಿಂದ ಕಿರಣ ನಿಲ್ಲಿಸಿದ. ಫಿಟ್ಸ್ ಬಂತೆಂದು ಡಾಕ್ಟರಮ್ಮ ಓಡಿಬಂದಳು. ಒಳಗೆ ಹೋಗಿ ನೋಡಿದರೆ ಏನೂ ಇಲ್ಲ. ಮತ್ತೆ ರೆಕಾರ್ಡು, ಮೂರು ನಿಮಿಷ, ಮತ್ತೆ ಅದೇ ಕೈ, ಅದೇ ಎಳೆತ.

“ಸಾರ್, ಆ ರೆಕಾರ್ಡು ಇಲ್ಲೇ ಹಾಕಿ” ಅಂದಳು ಕಂಡಿಕೆಯಕ್ಕ. ಕಣ್ಣು ಮುಚ್ಚಿ ಕೇಳಿದಳು. “ಅಲ್ಲಿ. ಅಲ್ಲಿ ಅರ್ಧ ಏಟು ಕಮ್ಮಿ ಇದೆ.”

“ಎಲ್ಲಮ್ಮಾ? ಸರಿಯಾಗೇ ಇದೆಯಲ್ಲ.”

ಅವನು ಮೂರು ಸಲ ಕೇಳಿದ, ಡಾಕ್ಟರಮ್ಮ ಎರಡು ಸಲ ಕೇಳಿದಳು. ಇಬ್ಬರಿಗೂ ಗೊತ್ತಾಗಲಿಲ್ಲ. ಕೊನೆಗೆ ಅವನು ಕಂಪ್ಯೂಟರಿನಲ್ಲಿ ಆ ಸದ್ದಿನ ಗೆರೆಗಳನ್ನು ದೊಡ್ಡದು ಮಾಡಿ ನೋಡಿದ. ಮೊದಲ ತುಂಡಿಗೆ ಎರಡನೆಯ ತುಂಡು ಜೋಡಿಸಿದ ಕಡೆ ಒಂದು ಚೂರು ಕತ್ತರಿಸಿ ಹೋಗಿತ್ತು. ಅಷ್ಟೇ, ಒಂದು ಚೂರು.

ಕಂಡಿಕೆಯಕ್ಕ ಎರಡು ತಿಂಗಳಲ್ಲಿ ಮೊದಲ ಸಲ ನಕ್ಕಳು, ಹೊಟ್ಟೆ ಹಿಡಿದುಕೊಂಡು. “ಮಗ್ಗ ನಿಲ್ಲಿಸಿದಾರೆ ಕಣ್ರೀ! ಬಟ್ಟೆ ಹಾಳಾಗುತ್ತೆ ಅಂತ ಮಗ್ಗ ನಿಲ್ಲಿಸಿದಾರೆ! ನೀವೆಲ್ಲ ಅವರು ಮಲಗಿದಾರೆ ಅನ್ಕೊಂಡ್ರಾ? ಡ್ಯೂಟಿ ಮಾಡ್ತಿದಾರೆ!”

ತನ್ನ ಹೆಸರು ಗೊತ್ತಿಲ್ಲದವನು, ನೀರಿಗೆ ನೀರು ಅನ್ನಲಾರದವನು, ಮುಖ ಬಿಗಿಸಿಕೊಂಡು ಕಣ್ಣು ಮುಚ್ಚಿ ಮಲಗಿದವನು, ಓದಿದವರ ಕಿವಿಗೆ ಸಿಗದ ಅರ್ಧ ಏಟಿನ ತಪ್ಪನ್ನು ಎರಡು ಸಲ ಹಿಡಿದಿದ್ದ. ಅವನ ತಲೆಯಲ್ಲಿ ಚಾಕು ಆಡಿದೆ, ಮಾತಿನ ಮನೆ ಪಾಳುಬಿದ್ದಿದೆ, ಆದರೂ ನೇಕಾರ ಜಾಗ ಬಿಟ್ಟು ಕದಲಿಲ್ಲ. ಅದನ್ನು ಜಗತ್ತಿನಲ್ಲಿ ಒಬ್ಬಳೇ ಗುರುತಿಸಿದಳು.

ಟೆಕ್ನಿಷಿಯನ್ ತಲೆತಗ್ಗಿಸಿ, “ಜೋಡಣೆ ಸರಿಮಾಡಿ ಕೊಡ್ತೀನಮ್ಮಾ” ಅಂದ.

“ಬೇಡ ಸಾರ್. ಅವರು ನಿಲ್ಲಿಸಿದ್ರೆ ಮತ್ತೆ ಶುರು ಮಾಡೋಕೆ ಮನುಷ್ಯರು ಬೇಕು. ರೆಕಾರ್ಡಿಗೆ ಅದು ಗೊತ್ತಾಗಲ್ಲ.”

ಕುರ್ಚಿ ಎಳೆದುಕೊಂಡಳು. ಉಳಿದ ಕಿರಣ ಕೊಟ್ಟು ಮುಗಿಸುವವರೆಗೆ ಆಕೆಯ ಅಂಗೈ ನಿಲ್ಲಲಿಲ್ಲ.

ಆರು ವಾರ, ವಾರಕ್ಕೆ ಐದು ದಿನ. ಒಂದು ದಿನ ಮಾತ್ರ ಜ್ವರದಲ್ಲಿ ಆಕೆಯ ಗಂಟಲು ಕಟ್ಟಿ ನಾದಿನಿ ಕೂತಳು. ಇಪ್ಪತ್ತು ಸೆಕೆಂಡಿಗೆ ಮಲ್ಲನ ಕೈ ಎದ್ದಿತು. ಮತ್ತೆ ಶುರುಮಾಡಿದಳು, ಹದಿನೈದಕ್ಕೇ ಎದ್ದಿತು.

“ಏಳಮ್ಮಾ, ಏಳು” ಅಂದಳು ಕಂಡಿಕೆಯಕ್ಕ ಒಡೆದ ದನಿಯಲ್ಲಿ. “ನಿಮ್ಮಣ್ಣ ನಿನ್ನನ್ನ ಕೆಲಸದಿಂದ ತೆಗೆದಾಯ್ತು.”

ಜ್ವರದಲ್ಲೇ ಹನ್ನೆರಡು ನಿಮಿಷ ಬಾರಿಸಿದಳು. ಟೆಕ್ನಿಷಿಯನ್ ಅಷ್ಟರಲ್ಲಿ ಮೇಜಿನ ಅಂಚಿಗೆ ಮೆತ್ತನೆಯ ಬಟ್ಟೆ ಸುತ್ತಿಟ್ಟಿದ್ದ. ಸದ್ದು ಬದಲಾಗುತ್ತದೆ ಎಂದು ಆಕೆ ಬಿಚ್ಚಿಸಿದಳು. ಅವನು ಪಾಪ, ಬಿಚ್ಚಿ ಮಡಿಸಿಟ್ಟುಕೊಂಡ.

ಮೂವತ್ತೂ ಮುಗಿದವು. ಮೂರು ತಿಂಗಳ ನಂತರ ಸ್ಕ್ಯಾನ್ ಮಾಡಿದರು. ಉಳಿದ ಗಡ್ಡೆ ಬೆಳೆದಿಲ್ಲ. “ಸದ್ಯಕ್ಕೆ ಇಷ್ಟೇ ಹೇಳಬಲ್ಲೆ” ಅಂದಳು ಡಾಕ್ಟರಮ್ಮ, ಅಷ್ಟಕ್ಕೇ ನಾದಿನಿ ಅತ್ತಿಗೆಯನ್ನು ಅಪ್ಪಿಕೊಂಡು ಗೊಳೋ ಎಂದು ಅತ್ತಳು. ಮಲ್ಲನಿಗೆ ಈಗ ಹನ್ನೊಂದು ಮಾತು ಬಂದಿವೆ. ಅದರಲ್ಲಿ ನಾಲ್ಕು ಬೈಗುಳ. ಮುಂದೆ ಏನೋ, ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ.

ಗೊತ್ತಿರುವುದು ಒಂದಿದೆ. ಇಂಥ ಪ್ರತಿ ಕೋಣೆಯ ಹೊರಗೂ ಒಂದು ಮೈಕು ಇದೆ, ಅದರ ಮುಂದೆ ರೋಗಿಯ ಹೆಸರನ್ನು ಚೀಟಿ ನೋಡಿ ಓದುವವರು ಕೂತಿದ್ದಾರೆ. ಆ ರೋಗಿಯ ಜೊತೆ ಜೀವಮಾನ ಕಳೆದವರು ಬೆಂಚಿನ ಮೇಲಿದ್ದಾರೆ. ಓದುಗರೇ, ನಿಮ್ಮ ಊರಿನ ಆಸ್ಪತ್ರೆಗೆ ಹೋಗಿ ಬರೆದುಕೊಡಿ: ಮಾತು ಸೋತವರನ್ನು ಒಳಗೆ ಬಿಗಿದು ಮಲಗಿಸುವ ಮೊದಲು ಅವರ ಮನೆಯವರನ್ನು ಕೇಳಬೇಕು, ಮೈಕಿನ ಮುಂದೆ ಅವರಿಗೊಂದು ಕುರ್ಚಿ ಹಾಕಬೇಕು. ಕೊಟ್ಟದ್ದಕ್ಕೆ ಸಹಿ ಹಾಕಿಸಿಕೊಳ್ಳಿ. ರೂಲ್ಸಿಲ್ಲ ಅಂದರೆ ಬಾಗಿಲಿಗೆ ಅಡ್ಡ ಕೂರಿ, ರೂಲ್ಸು ಆಗುವವರೆಗೆ ಏಳಬೇಡಿ. ಯಾವ ದಿನ ಹೋಗುತ್ತೀರಿ, ಅದನ್ನು ಮೊದಲು ಹೇಳಿ.