ನೆಗ್ಗಿಲ ಮುಳ್ಳಿನ ಕಷಾಯ

ಎಂಬತ್ತರ ದಶಕದಲ್ಲಿ ನಾನು ಮಂಗಳೂರಿನಲ್ಲಿ ಮೆಡಿಕಲ್ ರೆಪ್. ತೊಕ್ಕೊಟ್ಟಿನ ಹಿರಿಯ ಡಾಕ್ಟರೊಬ್ಬರಿಗೆ, ಮೂತ್ರ ಸಲೀಸಾಗಿ ಹೋಗಲು ಕೊಡುವ ನಮ್ಮ ಮಾತ್ರೆಯನ್ನು ಹೊಗಳುತ್ತಿದ್ದೆ. "ಒಂದೇ ಗಂಟೆಯಲ್ಲಿ ಕೆಲಸ ಮಾಡ್ತದೆ, ಸರ್."

"ಹೌದಾ? ಮೊದಲು ಬಾಯಾರಿಕೆಗೆ ಕುಡಿಯಿರಿ," ಎಂದು ಫ್ಲಾಸ್ಕಿನಿಂದ ಕಷಾಯ ಬಗ್ಗಿಸಿದರು. ಡಾಕ್ಟರು ಕೊಟ್ಟದ್ದನ್ನು ಬೇಡ ಎನ್ನುವ ರೆಪ್ ಉಂಟಾ? ಎರಡು ಲೋಟ ಕುಡಿದೆ. ಆಮೇಲೆ ಹೇಳಿದರು, "ನೆಗ್ಗಿಲ ಮುಳ್ಳಿನದ್ದು. ಕಿಡ್ನಿಗೆ ಒಳ್ಳೆಯದು."

ಬಸ್ಸು ಕಾದು ಕಾದು ಹತ್ತಿದರೆ ಅದು ನೇತ್ರಾವತಿ ಸೇತುವೆಯ ನಡುವೆ ಕೆಟ್ಟು ನಿಂತಿತು. ನಾನು ಬಾಗಿಲಿಗೆ ಧಾವಿಸಿದೆ.

"ಇಲ್ಲಿ ಇಳಿದು ಎಂತ ಮಾಡ್ತೀರಿ ಮಾರಾಯ್ರೆ?" ಎಂದ ಕಂಡಕ್ಟರ್.

ಸ್ಯಾಂಪಲ್ ಬ್ಯಾಗ್ ಎದೆಗವಚಿಕೊಂಡು, ಟೈ ಹಾರಿಸುತ್ತಾ ಆಚೆ ದಡಕ್ಕೆ ಓಡಿದೆ.

ಮುಂದಿನ ತಿಂಗಳು ನಾನು ಬ್ಯಾಗ್ ಬಿಚ್ಚುವ ಮೊದಲೇ ಡಾಕ್ಟರು ಕೇಳಿದರು, "ನಿಮ್ಮದಕ್ಕೆ ಒಂದು ಗಂಟೆ. ನಮ್ಮದಕ್ಕೆ ಎಷ್ಟು ಬೇಕಾಯಿತು?"

"ಅರ್ಧ ಸೇತುವೆ, ಸರ್."